ಅಣ್ಣನಿಗಾಗಿ ತೋಡಿದ ಗುಣಿ

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ನೆರೆಯ ದೇಶಗಳೊಂದಿಗೆ ನಮ್ಮ ಸಂಬಂಧ ಹೇಗಿದೆ ಎಂಬ ಪಾಠವಿದೆ. ಹೊಳಲ್ಕೆರೆಯ ಶಾಲೆಯಲ್ಲಿ ಅದನ್ನು ಪ್ರತಿವರ್ಷ ಮಾಡುವವಳು ನಾನೇ. ಚೀನಾದ ಭಾಗ ಬಂದಾಗ ಪುಸ್ತಕದಲ್ಲಿ ಇದ್ದಷ್ಟನ್ನು ಓದಿ ಪುಟ ತಿರುಗಿಸಿಬಿಡುತ್ತೇನೆ. ಮೊದಲು ಸ್ನೇಹ, ಆಮೇಲೆ ಯುದ್ಧ, ಆಮೇಲೆ ವ್ಯಾಪಾರ, ಆಮೇಲೆ ಮನಸ್ತಾಪ. ನನ್ನ ಅಣ್ಣ ಸತ್ತದ್ದು ಆ ಕೊನೆಯ ಮನಸ್ತಾಪದ ಕಾಲದಲ್ಲಿ.

ಅಣ್ಣ ಚೀನಾದ ದೊಡ್ಡ ಊರೊಂದರಲ್ಲಿ ಯೋಗ ಹೇಳಿಕೊಡುತ್ತಿದ್ದ. ನಮ್ಮೂರು ಹೊಸದುರ್ಗದ ಕಡೆಯ ಬಾಗೂರು. ಮಠದ ಹಾಸ್ಟೆಲಿನಲ್ಲಿ ಓದುವಾಗ ಕಲಿತ ಆಸನಗಳೇ ಅವನಿಗೆ ಅನ್ನ ಹಾಕಿದವು. "ಆ ಜನಕ್ಕೆ ಚಕ್ಕಳಮಕ್ಕಳ ಹಾಕ್ಸೋದ್ರೊಳಗೆ ನಂಗೆ ಸಾಕಾಗಿ ಹೋಗ್ತೈತೆ ಕಣವ್ವ" ಎಂದು ಅವ್ವನನ್ನು ನಗಿಸುತ್ತಿದ್ದ. ಅವ್ವನ ಫೋನಿಗೆ ಆ ದೇಶದ್ದೇ ಒಂದು ಆ್ಯಪ್ ಹಾಕಿಕೊಟ್ಟಿದ್ದ. ದಿನಾ ಸಂಜೆ ಅದರಲ್ಲಿ ಮುಖ ತೋರಿಸಿ ಊಟ ಆಯ್ತಾ ಎಂದು ಕೇಳುತ್ತಿದ್ದ. ಅಲ್ಲಿಯೂ ಎದುರು ಸಿಕ್ಕವರನ್ನು ಉಂಡಿರಾ ಎಂದೇ ವಿಚಾರಿಸುತ್ತಾರಂತೆ. ಅಷ್ಟು ಕೇಳಿದ್ದೇ ಅವ್ವ ಚೀನಾದವರೆಲ್ಲ ಒಳ್ಳೆ ಜನ ಎಂದು ತೀರ್ಮಾನ ಮಾಡಿಬಿಟ್ಟಿದ್ದಳು.

ಕೊರೊನಾ ಬಂದು ವಿಮಾನ ನಿಂತಿತು. ಅದೇ ವರ್ಷ ಗಡಿಯಲ್ಲಿ ಬಡಿದಾಟವಾಗಿ ನಮ್ಮ ಸೈನಿಕರು ಸತ್ತರು. ಅವರ ತಾಯಂದಿರನ್ನು ಟಿವಿಯಲ್ಲಿ ಕಂಡು ಅವ್ವನೂ ಅತ್ತಳು. ಅದಾದ ಮೇಲೆ ಆ್ಯಪ್‌ಗೆ ನಿಷೇಧ ಬಿತ್ತು. ನಮ್ಮ ಹುಡುಗರು ಸರ್ಕಲ್ಲಿನಲ್ಲಿ ಚೀನಾದ ಆಟಿಕೆ ಸುಟ್ಟು, ಅದನ್ನು ಚೀನಾ ಫೋನಿನಲ್ಲೇ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದರು. ಅವ್ವ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಾಗಿದ್ದ ನನ್ ಮಗನ ಮಕ ಎಲ್ಲಿಗ್ ಹೋತೇ?" ಎಂದು ಕೇಳಿದಳು. ಸಂಬಂಧ ಹದಗೆಟ್ಟಿದೆ ಎಂದು ನಾನು ಮಕ್ಕಳಿಗೆ ಎಷ್ಟು ಸಲೀಸಾಗಿ ಹೇಳುತ್ತೇನೆ! ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ಧಾರವಾಡ ಕಡೆಯ ಗೆಳೆಯರೊಬ್ಬರು ಫೋನ್ ಮಾಡಿದರು. ಅಣ್ಣ ಪಾಠ ಹೇಳುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದನಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. "ನಾಕೈದು ದಿನದಾಗ ಊರಿಗೆ ಕಳಿಸ್ತಾರಂತ್ರಿ" ಎಂದರು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಣಿಯ ಒಂದು ಗೋಡೆಯಲ್ಲಿ ಗೂಡು ಕೊರೆದು, ಕಾಲು ಮಡಚಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಮಾಡುತ್ತೇವೆ. ಗುಣಿಯನ್ನು ಸತ್ತವರ ಪಾದದ ಲೆಕ್ಕದಲ್ಲೇ ಅಳೆಯಬೇಕು. ದೊಡ್ಡಪ್ಪ ಅಣ್ಣನ ಹಳೆಯ ಚಪ್ಪಲಿ ಹಿಡಿದು ಅಳೆದು, ತೆಂಗಿನ ತೋಟದಲ್ಲಿ ಅಪ್ಪನ ಸಮಾಧಿಯ ಪಕ್ಕ ತೋಡಿಸಿದರು. ಹೆಣ ಮನೆಗೆ ಬರುವ ಮೊದಲೇ ಗುಣಿ ತೋಡುವವರುಂಟೇ? ಗೆಳೆಯರ ಒಂದು ಮಾತು ನಂಬಿ ನಾವು ತೋಡಿಬಿಟ್ಟೆವು.

ಅಣ್ಣ ಬರಲಿಲ್ಲ. ನೇರ ವಿಮಾನವಿಲ್ಲ, ಬೇರೆ ದೇಶ ಸುತ್ತಿ ತರಲು ಅನುಮತಿಯಿಲ್ಲ. ನಾನು ಫೋನ್ ಮಾಡಿದ ಕಡೆಯಲ್ಲೆಲ್ಲ "ಪರಿಸ್ಥಿತಿ ಹಾಗಿದೆ ಮೇಡಂ" ಎಂದರು. ಆ ಪರಿಸ್ಥಿತಿ ಎಂಬುದು ಕೈಗೆ ಸಿಕ್ಕಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ. ಇತ್ತ ಆಡು ಕರು ಬೀಳದಂತೆ ಗುಣಿಯ ಮೇಲೆ ಜಾಲಿಮುಳ್ಳು ಹಾಕಿದ್ದೆವು. ತೋಡಿದ ಗುಣಿಯನ್ನು ಖಾಲಿ ಬಿಡಬಾರದು, ಸದ್ಯಕ್ಕೆ ಮುಚ್ಚಿಬಿಡಾಣ ಎಂದು ಹಿರಿಯರು ಬಂದು ಹೇಳಿದರು. ಅವ್ವ ಅಡ್ಡ ನಿಂತಳು. "ನನ್ ಮಗ ಬಂದು ಕುಂತ್ಕಳೋ ಜಾಗ ಐತೆ ಅದು. ಯಾರೂ ಮುಟ್ಬ್ಯಾಡ್ರಿ."

ಮಳೆಗಾಲ ಶುರುವಾದ ಮೇಲೆ ಅದೇ ಗೆಳೆಯರು ಮತ್ತೆ ಫೋನ್ ಮಾಡಿದರು. ಆಸ್ಪತ್ರೆಯವರು ಇನ್ನು ಇಟ್ಟುಕೊಳ್ಳುವುದಿಲ್ಲವಂತೆ, ಮನೆಯವರು ಒಪ್ಪಿದರೆ ಅಲ್ಲೇ ಸುಟ್ಟು ಬೂದಿ ಕಳಿಸುತ್ತಾರಂತೆ. ನಾನು ಆ ಪುಣ್ಯಾತ್ಮನ ಮೇಲೆಯೇ ಹರಿಹಾಯ್ದೆ. ಅವ್ವ ಫೋನು ಕಿತ್ತುಕೊಂಡಳು.

"ಸುಡೋದಾದ್ರೆ ಕಾಲು ಮಡಚಿ ಕೂರಿಸಿ ಸುಡ್ತಾರೇನಪ್ಪ? ಒಂದು ಮಾತು ಕೇಳಪ್ಪ."

ಆ ಕಡೆಯಿಂದ ಅಳು ಕೇಳಿಸಿತು. "ಆಗಂಗಿಲ್ರಿ ಅವ್ವಾರ."

"ಆತು ಬಿಡಪ್ಪ. ಹಂಗೇ ಮಾಡ್ಲಿ" ಎಂದಳು ಅವ್ವ.

ಅಷ್ಟೊಂದು ಜನಕ್ಕೆ ಕೂರುವುದನ್ನು ಕಲಿಸಿದವನನ್ನು ಮಲಗಿಸಿ ಸುಟ್ಟರು.

ಎಲ್ಲೆಲ್ಲೋ ಸುತ್ತಿ ಬೂದಿಯ ಡಬ್ಬಿ ಬೆಂಗಳೂರಿಗೆ ಬಂತು. ಹಿರಿಯೂರಿನ ಮೇಲೆ ಹಾದು ಬರುವ ಬಸ್ಸಿನಲ್ಲಿ ಅಣ್ಣನನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಗೆಳೆಯರು ಅವನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಕಳಿಸಿದ್ದರು. ಇಂಥದ್ದಕ್ಕೆ ಯಾವ ಕ್ರಮ ಮಾಡಬೇಕೆಂದು ಕ್ರಿಯೆ ಮಾಡಿಸುವ ಅಯ್ಯನವರಿಗೂ ತೋಚಲಿಲ್ಲ. ಕೊನೆಗೆ ಡಬ್ಬಿಯನ್ನು ಗೂಡಿನಲ್ಲಿಟ್ಟು, ಅದರ ಮೇಲೆ ಲಿಂಗವಿಟ್ಟರು. ಮನುಷ್ಯ ಕೂರುವಷ್ಟು ದೊಡ್ಡ ಗೂಡಿನಲ್ಲಿ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ತೋಡಿ ಹಾಕಿದ್ದ ಮಣ್ಣೂ ಮಳೆಗೆ ಕೊಚ್ಚಿಹೋಗಿ ಗುಣಿ ಮುಚ್ಚಲು ಸಾಲದೆ, ಅವ್ವ ಹೊಲದಿಂದ ಪುಟ್ಟಿಯಲ್ಲಿ ಮಣ್ಣು ಹೊತ್ತು ತಂದಳು. ಬೇರೆ ಯಾರಿಗೂ ಹೊರಲು ಬಿಡಲಿಲ್ಲ.

ಈಗ ಎರಡೂ ದೇಶಕ್ಕೆ ಮತ್ತೆ ರಾಜಿಯಾಗಿದೆ. ನಾಯಕರು ಕೈ ಕುಲುಕಿದ್ದನ್ನು ಟಿವಿಯಲ್ಲಿ ತೋರಿಸುವಾಗ ಅವ್ವ ಶೇಂಗಾ ಸುಲಿಯುತ್ತಾ ಕುಳಿತಿದ್ದಳು.

"ಏನಂತೇ?"

"ಚೀನಾಕ್ಕೆ ಮತ್ತೆ ವಿಮಾನ ಬಿಡ್ತಾರಂತವ್ವ."

"ಯಾವಾಗ್ಲಿಂದ?"

"ಈ ತಿಂಗಳಿಂದಲೇ."

ಅವ್ವನ ಕೈ ನಿಂತಿತು. ಮತ್ತೆ ಆಡಿದ ಮಾತು ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. "ಬಿಡ್ತಿದ್ರು ಹಂಗಾರೆ. ನಾನೇ ಇನ್ನೊಂದೀಟು ತಡೀದೆ, ಆತು ಸುಡ್ಲಿ ಅಂದ್ಬಿಟ್ಟೆ."

"ಇಲ್ಲವ್ವ, ಇಷ್ಟು ವರ್ಷ ಅಣ್ಣನ್ನ ಯಾರೂ ಇಟ್ಕೊಂಡಿರ್ತಿರ್ಲಿಲ್ಲ" ಎಂದೆ. ಒಂದಲ್ಲ, ಹತ್ತು ಸಲ ಅಂದೆ. ಅವ್ವ ತಲೆಯಾಡಿಸಿದಳು, ಆದರೆ ನಂಬಲಿಲ್ಲ.