ಕಾಕಾನ ಹಲ್ಲಿನ ಸೆಟ್ಟು

ಮೇಲ್ದುಟಿಯ ಮೇಲೆ ಸದಾ ಒಂದು ಬೆರಳು. ಬೆಳಗಾವಿಯಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದ ಮೇಲೆ ಕಾಕಾ ನನಗೆ ಕಂಡದ್ದೆಲ್ಲ ಹಾಗೆಯೇ. ತಲೆಗೆ ಬಿಳಿ ರುಮಾಲು, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದರಲ್ಲಿ ತಿಕ್ಕಿ ಬೆಳಗಿದ ಹಿತ್ತಾಳೆಯ ಬಿಲ್ಲೆ. ಅಷ್ಟೆಲ್ಲ ಠೀವಿಯ ನಡುವೆ, ಹಲ್ಲು ಎಲ್ಲಿ ಜಾರಿ ಬಿದ್ದೀತೋ ಎಂದು ತುಟಿಯನ್ನು ಒತ್ತಿ ಹಿಡಿದ ಆ ಬೆರಳು.

ಅವರು ನಮ್ಮ ಮುನ್ಸೀಫ ಕೋರ್ಟಿನ ಪಟ್ಟೇವಾಲಾ. ವರಾಂಡಕ್ಕೆ ಬಂದು ಕಕ್ಷಿದಾರರ ಹೆಸರು ಕೂಗುವುದು ಅವರ ಕೆಲಸ. ಮೋಟಾರು ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕೂತವರೂ ಆ ಕೂಗಿಗೆ ಬಟ್ಟಲು ಬಿಟ್ಟು ಎದ್ದು ಬರುತ್ತಿದ್ದರು. ಹಲ್ಲುಗಳು ಒಂದೊಂದಾಗಿ ಹೋದಂತೆ ಬಾಯಲ್ಲಿ ಹೆಸರುಗಳು ಒಡೆಯತೊಡಗಿದವು. ನಿವೃತ್ತಿಗೆ ಇನ್ನು ಎರಡು ವರ್ಷ. ಕೂಗಲು ಬಾರದಿದ್ದರೆ ಸಮನ್ಸ್ ಕೈಗೆ ಕೊಟ್ಟು ಹಳ್ಳಿ ಹಳ್ಳಿ ನಡೆಸುತ್ತಾರೆ ಎಂಬ ಭಯ ಅವರನ್ನು ತಿನ್ನುತ್ತಿತ್ತು; ಮೊಣಕಾಲು ನೋವು ಬೇರೆ. ಸೆಟ್ಟು ಕಟ್ಟಿಸಿದ್ದು ಅದಕ್ಕೇ.

ನಾನಾಗ ಹೊಸ ವಕೀಲ. ಅವರ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದೆ. ಊಟವಾದ ಕೂಡಲೇ ಕಾಕಾ ಹಿತ್ತಿಲಿಗೆ ಬಂದು, ಕೈ ಜಾರಿದರೂ ಒಡೆಯದಿರಲೆಂದು ಕೆಳಗೆ ನೀರು ತುಂಬಿದ ಅಗಲವಾದ ಪರಾತ ಇಟ್ಟುಕೊಂಡು, ಮೆತ್ತನೆಯ ಬ್ರಶ್ಶಿನಿಂದ ಒಂದೊಂದೇ ಹಲ್ಲು ತಿಕ್ಕುತ್ತಿದ್ದರು. ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ ಎಂದು ಸೊಸೆಗೆ ದಿನಾ ಎಚ್ಚರಿಕೆ. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು, ಡಾಕ್ಟರು ಹೇಳಿದಂತೆ, ಎರಡೂ ದವಡೆಯಲ್ಲಿ ಸಮನಾಗಿ ಅಗಿಯುತ್ತಿದ್ದರು. ಇಷ್ಟು ಮಾಡಿದರೂ ಮೂರು ವಾರದಿಂದ ಒಸಡಿನಲ್ಲಿ ಹುಣ್ಣು.

“ಡಾಕ್ಟರಿಗೆ ತೋರಸ್ರಿ ಕಾಕಾ. ಒತ್ತೋ ಕಡೆ ಒಂದೀಟು ತಿಕ್ಕಿ ಕೊಡ್ತಾರ,” ಎಂದೆ.

“ರಜಾ ಕೇಳಿದ್ರ ಸಾಹೇಬ್ರು, ಇವನ ಕಡಿಂದ ಇನ್ನ ಆಗೂದಿಲ್ಲ ಅಂದ್ಕೋತಾರ್ರಿ ವಕೀಲರ. ಉಪ್ಪುನೀರು ಮುಕ್ಕಳಸಾಕ ಹತ್ತೇನಿ. ಹೊಂದತಾವ, ಹೊಂದತಾವ.”

ಹೂಲಿಯ ಶಿವಬಸವ್ವನ ದಾವೆ ನನ್ನ ಮೊದಲ ಕೇಸು. ಗಂಡ ಸತ್ತ ಮೇಲೆ ಮೈದುನ ಅವಳ ಪಾಲಿನ ಹೊಲಕ್ಕೆ ಕಾಲಿಡಗೊಡುತ್ತಿರಲಿಲ್ಲ. ಅವತ್ತು ಮುಂಜಾನೆ ಅವಳನ್ನು ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಕೂರಿಸಿ, “ಕಾಕಾ ಹೆಸರು ಕರದಕೂಡಲೇ ಒಳಗ ಬಾರವ್ವ,” ಎಂದು ಹೇಳಿ, ನಾನು ವಕೀಲರ ಕೋಣೆಯಲ್ಲಿ ಚಹಾ ಕುಡಿಯುತ್ತ ಹರಟೆಗೆ ಕೂತೆ.

ಕಾಕಾ ಮೂರು ಸಲ ಕರೆದರಂತೆ. ಅವಳಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ಯಾಕೋ ತಡವಾಯಿತೆನಿಸಿ ನಾನು ಒಳಗೆ ಹೋಗುವಷ್ಟರಲ್ಲಿ ಸಾಹೇಬರು, “ವಾದಿ ಗೈರುಹಾಜರು. ದಾವೆ ವಜಾ,” ಎಂದು ಹೇಳಿ ಪೆನ್ನು ಎತ್ತಿಕೊಂಡಿದ್ದರು. ಏನು ಹೇಳಬೇಕೋ ತಿಳಿಯದೆ ನಿಂತುಬಿಟ್ಟೆ.

ಬಾಗಿಲಲ್ಲಿದ್ದ ಕಾಕಾ ಮುಂದೆ ಬಂದರು. ಹೆಸರು ಕೂಗುವುದೊಂದನ್ನು ಬಿಟ್ಟು ಆ ಕೋಣೆಯಲ್ಲಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕೈ ಜೋಡಿಸಿದರು.

“ಸಾಹೇಬ್ರ, ಆ ಹೆಣ್ಮಗಳು ಮುಂಜಾನಿಂದ ಗಿಡದ ಬುಡಕ ಕುಂತಾಳ್ರಿ. ಹಲ್ಲು ಬೀಳತಾವಂತ ಅಂಜಿ ನಾನ ಬಾಯಿ ತೆರೀಲಿಲ್ಲ. ಆಕಿದೇನೂ ತಪ್ಪಿಲ್ರಿ, ತಪ್ಪೆಲ್ಲಾ ನಂದು.”

ಸಾಹೇಬರು ಪೆನ್ನು ಕೆಳಗಿಟ್ಟರು. “ಇನ್ನೊಮ್ಮೆ ಕರೀರಿ,” ಎಂದರು.

ಕಾಕಾ ಗೋಡೆಯ ಕಡೆ ತಿರುಗಿ ಸೆಟ್ಟು ತೆಗೆದರು, ಕರವಸ್ತ್ರದಲ್ಲಿ ಸುತ್ತಿ ಕೋಟಿನ ಕಿಸೆಗೆ ಹಾಕಿಕೊಂಡರು. ವರಾಂಡಕ್ಕೆ ಹೋಗಿ, ಗುಳಿಬಿದ್ದ ಕೆನ್ನೆಯ ಆ ಬಾಯನ್ನು ಪೂರ್ತಿ ತೆರೆದು, ಅವಳ ಹೆಸರಿಗೆ ಗಂಡನ ಹೆಸರನ್ನೂ ಸೇರಿಸಿ ಕೂಗಿದರು.

“ಹಿವಬಹವ್ವಾ, ಕೋಂ ಹಂಗಪ್ಪಾ! ಹಾಜರ್ ಹೋ!”

ಒಳಗೆ ಯಾರೋ ನಕ್ಕರು. ಶಿವಬಸವ್ವ ಮಾತ್ರ ಸೆರಗು ಹೊದ್ದುಕೊಳ್ಳುತ್ತ ಓಡಿ ಬಂದಳು. ದಾವೆ ಉಳಿಯಿತು. ವರ್ಷದ ಮೇಲೆ ಹೊಲವೂ ಅವಳದಾಯಿತು.

ಮರುವಾರವೇ ಕಾಕಾನಿಗೆ ರಜೆ ಸಿಕ್ಕಿತು. ಡಾಕ್ಟರು ಒತ್ತುವ ಅಂಚನ್ನು ತಿಕ್ಕಿ ಕೊಟ್ಟರು, ಹುಣ್ಣು ಮಾಯಿತು. ಸಂಜೆ ಕಟ್ಟೆಯ ಮೇಲೆ ಕೂತು ವರ್ತಮಾನಪತ್ರಿಕೆಯನ್ನು ಗಟ್ಟಿಯಾಗಿ ಓದಿ ಓದಿ, ಎರಡು ತಿಂಗಳಲ್ಲಿ ಶಕಾರ ಸಕಾರಗಳನ್ನೆಲ್ಲ ಮರಳಿ ಪಡೆದರು. ಆದರೆ ಅಷ್ಟರೊಳಗೆ ಹುಕುಮು ಬಂದಿತ್ತು. ಕೂಗಲು ತನ್ನಿಂದಾಗಲಿಲ್ಲವೆಂದು ಅವರೇ ತುಂಬಿದ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದರಲ್ಲ? ಹೆಸರು ಕೂಗುವ ಕೆಲಸ ಬೇರೆಯವರಿಗೆ ಹೋಯಿತು; ಕಾಕಾನ ಕೈಗೆ ಸಮನ್ಸಿನ ಚೀಲ ಬಂತು.

ಒಮ್ಮೆ ಮುನವಳ್ಳಿ ರಸ್ತೆಯಲ್ಲಿ ಸಿಕ್ಕರು. ಜಾಲಿಗಿಡದ ನೆರಳಿಗೆ ಕಾಲು ಚಾಚಿ ಬುತ್ತಿ ಬಿಚ್ಚಿದ್ದರು. ಬೆರಳು ತುಟಿಯ ಮೇಲಿರಲಿಲ್ಲ.

“ನೋಡ್ರಿ ವಕೀಲರ, ಕಟಕ ರೊಟ್ಟಿ! ಉಳ್ಳಾಗಡ್ಡಿನೂ ಕಡೀತೇನಿ,” ಎಂದು ಆ ಒಣ ರೊಟ್ಟಿಯನ್ನು ಕಟಕ್ಕನೆ ಕಡಿದು ತೋರಿಸಿದರು. ನಾನು ಮೊಣಕಾಲು ಹೇಗಿದೆ ಎಂದಷ್ಟೇ ಕೇಳಿದೆ. ಅವರು ಒಂದು ರೊಟ್ಟಿಯನ್ನು ಮುರಿದು ನನ್ನ ಕೈಗೆ ಕೊಟ್ಟರು.

ನಿವೃತ್ತಿಯಾದ ಮರುವರ್ಷ ಜ್ವರದಲ್ಲಿ ತೀರಿಕೊಂಡರು. ನನ್ನ ಕಕ್ಷಿದಾರಳನ್ನು ಗಿಡದ ಕೆಳಗೆ ಬಿಟ್ಟು ನಾನು ಹರಟೆಗೆ ಕೂತಿದ್ದೆ, ತಪ್ಪು ನನ್ನದೂ ಇದೆ ಎಂದು ಅಂದು ಸಾಹೇಬರ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಜಾಲಿಗಿಡದ ಕೆಳಗೂ ಬರಲಿಲ್ಲ. ಈಗ ಹೇಳುತ್ತಿದ್ದೇನೆ.