ಗಡ್ಡದ ಗಂಗೆ

ಪವಾಡದ ಕತೆ ಹೇಳಲು ಬಂದವರಿಗೆ ‘ಮೊದಲು ವಸ್ತು ತೋರಿಸಿ, ಆಮೇಲೆ ಮಾತಾಡೋಣ’ ಎನ್ನುತ್ತಿದ್ದವನು ನಾನು. ಈಗ ನನ್ನ ಕೈಯಲ್ಲೇ ವಸ್ತು ಇದೆ, ಮಾತು ಮಾತ್ರ ಇಲ್ಲ.

ಕೆಲವು ವರ್ಷಗಳ ಹಿಂದೆ ಆಕ್ಲೆಂಡಿನಲ್ಲಿ, ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ, ಹಳೆ ಅಂಗಿ ಗುಂಡಿಗಳ ಡಬ್ಬಿಯೊಂದರಲ್ಲಿ ನನಗೆ ಫ್ರಾನ್ಸಿನ ಬೆಳ್ಳಿ ಜೆಟಾನ್ ಸಿಕ್ಕಿತು. ಅದು ನಾಣ್ಯವಲ್ಲ; ಹಿಂದಿನ ಕಾಲದಲ್ಲಿ ಅಲ್ಲಿನವರು ಲೆಕ್ಕ ಹಾಕಲು, ಉಡುಗೊರೆ ಕೊಡಲು ಅಚ್ಚು ಹಾಕಿಸುತ್ತಿದ್ದ ಬಿಲ್ಲೆ. ಅದರ ಮೇಲೆ ನದಿಯ ದೇವರು: ಜೊಂಡಿನ ನಡುವೆ ಒರಗಿದ ಗಡ್ಡದ ಮುದುಕ, ಅವನ ತೋಳಿನಡಿಯ ಕೊಡದಿಂದ ನೀರು ಸುರಿಯುತ್ತಿದೆ. ಇಂಥ ವಸ್ತು ಕೊಳ್ಳುವಾಗ ಮುಖದಲ್ಲಿ ಆಸೆ ತೋರಿಸಬಾರದು. ಗುಂಡಿ ಬೇಕೆಂದು ಹೇಳಿ ಡಬ್ಬಿಯನ್ನೇ ಕೊಂಡೆ.

ವೆಲ್ಲಿಂಗ್ಟನ್‌ನ ಸಂಗ್ರಾಹಕರೊಬ್ಬರು ಫೋಟೊ ನೋಡಿ, ಮುಂದಿನ ಶನಿವಾರ ತಾವೇ ಬರುವುದಾಗಿ ಹೇಳಿದರು. ಅದು ಮಾರಾಟವಾದರೆ ಪೆನ್‌ರೋಸ್‌ನ ಗೋದಾಮಿನ ಕೆಲಸ ಬಿಟ್ಟು ಹಳೆ ವಸ್ತುಗಳ ಸ್ವಂತ ಅಂಗಡಿ ಹಾಕುವುದೆಂದು ತೀರ್ಮಾನಿಸಿದ್ದೆ.

ಶನಿವಾರ ಬೆಳಿಗ್ಗೆ ನಮ್ಮ ಅತ್ತೆ, ಬಾಗಲಕೋಟೆ ಕಡೆಯಿಂದ ಬಂದು ನಮ್ಮಲ್ಲಿದ್ದವರು, ಆ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಸಿನ ಹಚ್ಚಿ, ದೇವರ ಮುಂದೆ ಹಿತ್ತಾಳೆ ತಟ್ಟೆಯಲ್ಲಿಟ್ಟಿದ್ದರು. ಮನೆಗೆ ಹೊಸ ಬೆಳ್ಳಿ ಬಂದರೆ ಅವರದು ಅದೇ ಪದ್ಧತಿ. ನೀವು ಹಳೆ ಬೆಳ್ಳಿ ಕೊಂಡರೆ ತಿಕ್ಕಬೇಡಿ, ಮನೆಯವರಿಗೂ ಹೇಳಿಡಿ. ವರ್ಷಗಳಿಂದ ಅದರ ಮೇಲೆ ಕೂತ ಕಪ್ಪಿಗೇ ಬೆಲೆ. ಬಂದವರು ಫಳಫಳ ಹೊಳೆಯುವ ಜೆಟಾನ್ ನೋಡಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

“ನನ್ನ ಅಂಗಡೀನ ತೊಳದಬಿಟ್ರಿ,” ಎಂದು ಕೂಗಾಡಿದೆ.

“ಕರ್ರಗಿನ ಬೆಳ್ಳಿ ಮನ್ಯಾಗ ಇಡಬಾರದ್ರೀ ಅಳಿಯಾರ,” ಎಂದು ಅತ್ತೆ ಅದನ್ನು ಮತ್ತೆ ತಟ್ಟೆಯಲ್ಲಿಟ್ಟರು. “ಆದ್ರೂ ಗಂಗವ್ವಗ ಗಡ್ಡ ಯಾಕ?”

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅನ್ನುತ್ತಿದ್ದಂತೆ, ನನ್ನ ಕಣ್ಣೆದುರೇ, ಒಣ ತಟ್ಟೆಯಲ್ಲಿ ನೀರು ಏರಿತು. ಕೆಂಪು ನೀರು. ಬಿಲ್ಲೆ ಮುಳುಗಿತು. ಅತ್ತೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು.

“ನಮ್ಮ ಹೊಳಿ ನೀರು,” ಎಂದರು. ಅವರ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಗಿ ಎಷ್ಟೋ ವರ್ಷವಾಗಿತ್ತು. ತಟ್ಟೆಯ ಮುಂದೆ ಕೂತವರು ಮಧ್ಯಾಹ್ನದವರೆಗೂ ಏಳಲಿಲ್ಲ.

ಛಾವಣಿ ನೋಡಿದೆ, ಕೊಳಾಯಿ ನೋಡಿದೆ, ಎಲ್ಲೂ ಸೋರಿಕೆಯಿಲ್ಲ. ಕೆಂಪು, ಅರಿಸಿನಕ್ಕೆ ತಟ್ಟೆ ತೊಳೆದ ಸೋಪು ತಗುಲಿ ಬಂದದ್ದಿರಬಹುದು. ಆದರೆ ನೀರು? ಅದನ್ನು ಶೀಸೆಗೆ ಸುರಿದಿಟ್ಟೆ. ತಳದಲ್ಲಿ ಮಣ್ಣು ಕೂತಿತು.

ಅತ್ತೆ ಈಗಿಲ್ಲ. ನಾನು ಇನ್ನೂ ಗೋದಾಮಿನಲ್ಲೇ ಇದ್ದೇನೆ. ಅದೇ ತಟ್ಟೆಯಲ್ಲಿ ಜೆಟಾನ್ ಇಟ್ಟು, ಅರಿಸಿನ ಹಚ್ಚಿ, ಬೈದೂ ನೋಡಿದ್ದೇನೆ. ತಟ್ಟೆ ಒಣಗಿಯೇ ಇರುತ್ತದೆ. ನನ್ನ ಅಂಗಡಿ ನುಂಗಿದ ಆ ಗಡ್ಡದ ಮುದುಕ ಅತ್ತೆಗೆ ಅವರ ಹೊಳೆ ತಂದುಕೊಟ್ಟ. ಹೇಗೆಂದು ನನಗೆ ಈಗಲೂ ತಿಳಿಯದು. ಅವನ ಮೇಲಿನ ಸಿಟ್ಟೂ ಇಳಿದಿಲ್ಲ.