ಅಣಬೆಯ ಡೆಲ್ಫೀನ

ನಮ್ಮ ಕಣಿವೆಯಲ್ಲಿ ಈಗಲೂ ನನ್ನ ಅತ್ತಿಗೆಯ ಹೆಸರು ಅಣಬೆಯ ಡೆಲ್ಫೀನ. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಅವಳು ನಿಂತರೆ ಪಕ್ಕದವಳು ತನ್ನ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾಳೆ. ಹನ್ನೊಂದು ವರ್ಷವಾಯಿತು. ನಡೆದದ್ದೇನು ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. ‘ಇಲ್ವಾನ, ನಿನ್ನ ಅತ್ತಿಗೆ ತಾನೆ, ನೀನು ಇನ್ನೇನು ಹೇಳ್ತೀಯ’ ಎಂದು ನನ್ನ ಹೆಸರು ಹಿಡಿದು ಅನ್ನುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ. ಬರೆಯುವಾಗ ಯಾರೂ ಮಧ್ಯೆ ಬಾಯಿ ಹಾಕುವಂತಿಲ್ಲ.

ನನ್ನ ಅಣ್ಣ ಒತ್ತೊರೀನೊ ಮತ್ತು ಅತ್ತಿಗೆ ಡೆಲ್ಫೀನ ವಾಲ್ಸಾನದಲ್ಲಿ ಖಾನಾವಳಿ ನಡೆಸುತ್ತಿದ್ದರು. ಅಮ್ಮ ಶುರು ಮಾಡಿದ್ದು. ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಕಲ್ಲಿನ ಮನೆ. ಕೆಳಗೆ ಊಟದ ಕೋಣೆ, ಮೇಲೆ ಅವರಿಬ್ಬರ ವಾಸ. ಏನಿದೆ ಎಂದು ಬರೆದಿಟ್ಟ ಪಟ್ಟಿ ಇರಲಿಲ್ಲ, ಡೆಲ್ಫೀನ ಅವತ್ತು ಮಾಡಿದ್ದೇ ಊಟ. ಹನ್ನೆರಡು ಸಾವಿರ ಲೀರ ಕೊಟ್ಟರೆ ಆಲೂಗಡ್ಡೆ ತುಂಬಿದ ಕಡುಬು ತೊರ್ತೆಲ್ಲಿ, ಮೊಲದ ಮಾಂಸ ಇಲ್ಲವೇ ಪೊಲೆಂತ ಅನ್ನುವ ಮುಸುಕಿನ ಜೋಳದ ಮುದ್ದೆಯ ಮೇಲೆ ಅಣಬೆ, ಅರ್ಧ ಲೀಟರು ವೈನು, ಕೊನೆಗೆ ಕಾಫಿ. ವಾರವೆಲ್ಲ ಮರ ಕಡಿಯುವವರು, ಲಾರಿಯವರು. ಭಾನುವಾರ ಕೆಳಗಿನ ಪೇಟೆಯ ಸಂಸಾರಗಳು. ಗಂಡ ತೀರಿಕೊಂಡ ಮೇಲೆ ನಾನು ಪೇಟೆಯ ನನ್ನ ಎರಡು ಕೋಣೆಯ ಮನೆಯಿಂದ ಬೆಳಗಿನ ಬಸ್ಸಿಗೆ ಹೋಗಿ ಬಡಿಸುತ್ತಿದ್ದೆ.

ಡೆಲ್ಫೀನಳದು ದೊಡ್ಡ ಕೈ, ಸಣ್ಣ ಮಾತು. ಒಂದೇ ಒಂದು ಜಂಬ ಅವಳಿಗಿತ್ತು. ಇಪ್ಪತ್ತೇಳು ವರ್ಷದಲ್ಲಿ ಅವಳ ಅಡುಗೆ ಉಂಡು ಯಾರಿಗೂ ಹೊಟ್ಟೆ ನೋವು ಬಂದಿರಲಿಲ್ಲ. ಕಾಡಿನಿಂದ ಬಂದ ಪ್ರತಿಯೊಂದು ಅಣಬೆಯನ್ನೂ ಬೆಳಕಿಗೆ ಹಿಡಿದು, ಕಾಂಡ ಸೀಳಿ, ಮೂಸಿ ನೋಡದೆ ಹಲಗೆಯ ಮೇಲೆ ಇಡುತ್ತಿರಲಿಲ್ಲ. ಒಮ್ಮೆ ಪಾದ್ರಿಗಳೇ ಆರಿಸಿ ತಂದ ಒಂದು ಬುಟ್ಟಿ ಅಣಬೆಯನ್ನು ಅವರೆದುರಿಗೇ ಹಂದಿಗೂ ಬೇಡ ಎಂದು ತಿಪ್ಪೆಗೆ ಸುರಿದಿದ್ದಳು. ಅವರು ಒಂದು ತಿಂಗಳು ಮುಖ ಊದಿಸಿಕೊಂಡಿದ್ದರು.

ಜಂಬದ ಹಾಗೆ ಒಂದು ಹೆದರಿಕೆಯೂ ಇತ್ತು. ಅವಳು ಹುಟ್ಟಿದ್ದು ಪಕ್ಕದ ಕಣಿವೆಯ ಒಂದು ಸಣ್ಣ ಊರಿನಲ್ಲಿ. ಆ ಊರು ಈಗ ಇಲ್ಲ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಮಳೆಗಾಲದಲ್ಲಿ ಅಲ್ಲಿನ ಒರತೆ ಮೊದಲು ಹಾಲಿನ ಹಾಗೆ ಬೆಳ್ಳಗಾಯಿತಂತೆ, ಆಮೇಲೆ ಕೆಂಪಾಯಿತಂತೆ, ಆಮೇಲೆ ನಿಂತೇಹೋಯಿತಂತೆ. ಅಜ್ಜಿ ಮನೆಮನೆಗೆ ಹೋಗಿ ಹೇಳಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ವಾರದ ಮೇಲೆ ಗುಡ್ಡ ಕೆಳಗಿಳಿಯಿತು. ಅಜ್ಜಿ ಸಿಗಲಿಲ್ಲ.

ಹೀಗಾಗಿ ನಮ್ಮಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಅವಳು ಹಿತ್ತಲಿನ ಕಲ್ಲುತೊಟ್ಟಿಗೆ ಹೋಗಿ ನೀರು ನೋಡಿ ಬರುತ್ತಿದ್ದಳು. ಗುಡ್ಡದ ಒರತೆಯಿಂದ ಬರುವ ನೀರದು; ಅದೇ ಕೊಳವೆಯಲ್ಲಿ ಅಡುಗೆಮನೆಗೂ ಬರುತ್ತಿತ್ತು. ಮರ ಕಡಿಯುವವರಿಗೆ ಇದೊಂದು ತಮಾಷೆ.

“ಏನ್ ಡೆಲ್ಫೀನಮ್ಮ, ಗುಡ್ಡ ಇವತ್ತು ಊಟಕ್ಕೆ ಬರುತ್ತೋ, ನಾವು ಕೂತ್ಕೋಬಹುದೋ?” ಎಂದು ಮುದುಕ ಅಮಿಲ್ಕಾರೆ ದಿನವೂ ಕೇಳುತ್ತಿದ್ದ.

“ಬಂದ್ರೆ ನಿನ್ ಪಕ್ಕಾನೇ ಕೂರಿಸ್ತೀನಿ” ಅನ್ನುತ್ತಿದ್ದಳು. ನಗುತ್ತಿರಲಿಲ್ಲ.

ಆ ವರ್ಷ ಸೆಪ್ಟೆಂಬರಿನಲ್ಲಿ ಅಡುಗೆಮನೆಯ ಬಾಗಿಲು ಹಾಕಲು ಬಾರದಾಯಿತು. ಒತ್ತೊರೀನೊ ಉಜ್ಜುಗೊರಡಿನಿಂದ ಹೆರೆದು ಸರಿಮಾಡಿದ. ಎರಡು ವಾರಕ್ಕೆ ಮತ್ತೆ ಬಿಗಿಯಾಯಿತು. ಮಳೆಗೆ ಮರ ಉಬ್ಬಿದೆ ಎಂದ. ಮೂರನೆಯ ಸಲ ಹೆರೆಯುವಾಗ ಬಾಗಿಲು ಒಂದು ಪಕ್ಕ ಎರಡು ಬೆರಳು ಸಣ್ಣದಾಗಿತ್ತು. ಹಿಂದಿನ ಗೋಡೆಯಲ್ಲಿ ನೆಲದಿಂದ ಸೂರಿನವರೆಗೆ ಒಂದು ಬಿರುಕು. ಸರ್ವೆಯವನೊಬ್ಬ ಬಂದು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ಗೋಡೆ ಅಲುಗಿದರೆ ಇದು ಒಡೆಯುತ್ತದೆ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ ಎಂದು ಹೇಳಿ ಚೆನ್ನಾಗಿ ಉಂಡು ಹೋದ. ಒಂಬತ್ತು ದಿನಕ್ಕೆ ಗಾಜು ಎರಡು ತುಂಡಾಯಿತು.

“ಬೆಕ್ಕು ಹಾರಿರುತ್ತೆ” ಎಂದ ಅಣ್ಣ.

“ನಮ್ಮನೇಲಿ ಬೆಕ್ಕೆಲ್ಲಿದೆ?” ಎಂದಳು ಡೆಲ್ಫೀನ. “ಈ ಚಳಿಗಾಲ ಒಂದು ಇಲ್ವಾನಳ ಮನೇಲಿರೋಣ. ಕೈಮುಗೀತೀನಿ.”

ಅವನು ಉಜ್ಜುಗೊರಡನ್ನು ಮೇಜಿನ ಮೇಲೆ ಕುಕ್ಕಿದ. “ನಮ್ಮಮ್ಮ ಯುದ್ಧದಲ್ಲೂ ಮುಚ್ಚದ ಬಾಗಿಲು ಇದು. ಇನ್ನೊಂದ್ಸಲ ನನ್ಮುಂದೆ ಗುಡ್ಡದ ಮಾತೆತ್ತಿದ್ರೆ ನೋಡು.”

ಅವಳು ಮತ್ತೆ ಎತ್ತಲಿಲ್ಲ. ಅಣ್ಣ ಕೆಟ್ಟವನಲ್ಲ. ಮೇಜಿಗೆ ಬಂದು ಕೂತವನನ್ನು ಉಣ್ಣಿಸದೆ ಕಳಿಸುವುದು ಅವನ ಕೈಯಲ್ಲಿ ಆಗದ ಕೆಲಸ, ಅಷ್ಟೆ. ಆ ಹಟ ಅಮ್ಮನಿಂದ ಬಂದದ್ದು, ನನಗೂ ಇದೆ.

ಅಕ್ಟೋಬರಿನ ಕೊನೆಯ ಭಾನುವಾರ ಅಮಿಲ್ಕಾರೆಯ ಮೊಮ್ಮಗಳ ದೀಕ್ಷಾಸ್ನಾನ. ಹನ್ನೊಂದು ದಿನದಿಂದ ಬಿಡದ ಮಳೆ. ಚರ್ಚಿನಿಂದ ಮೂವತ್ತೆಂಟು ಜನ ನೇರವಾಗಿ ನಮ್ಮಲ್ಲಿಗೆ ಬಂದರು. ಕೂಸನ್ನು ಬುಟ್ಟಿಯಲ್ಲಿ ಮಲಗಿಸಿ, ಬೆಚ್ಚಗಿರಲಿ ಎಂದು ಒಲೆಯ ಪಕ್ಕದಲ್ಲಿ, ಹಿಂದಿನ ಗೋಡೆಗೆ ಒತ್ತಿ ಇಟ್ಟರು. ತೊರ್ತೆಲ್ಲಿ ಮುಗಿದಿತ್ತು. ನಾನು ಪೊಲೆಂತ ಮತ್ತು ಅಣಬೆಯ ತಟ್ಟೆಗಳನ್ನು ಬಡಿಸಿ, ಎಲ್ಲರೂ ಎರಡು ತುತ್ತು ತಿಂದದ್ದನ್ನು ನೋಡಿ, ಕಾಫಿಗೆ ನೀರು ಹಿಡಿಯಲು ಒಳಗೆ ಹೋದೆ. ನಲ್ಲಿ ಎರಡು ಸಲ ಕೆಮ್ಮಿತು. ಕೆಂಪು ಕೆಸರು ಬಂತು. ಆಮೇಲೆ ಏನೂ ಬರಲಿಲ್ಲ.

ಡೆಲ್ಫೀನ ಹಿತ್ತಲಿಗೆ ಓಡಿದಳು, ನಾನು ಹಿಂದೆಯೇ. ತಲೆಯ ಮೇಲೆ ಮಳೆ ಸುರಿಯುತ್ತಿತ್ತು. ತೊಟ್ಟಿಯ ಬಾಯಿಯಿಂದ ಒಂದು ಹನಿ ನೀರು ಬೀಳುತ್ತಿರಲಿಲ್ಲ. ಮೇಲಿನ ಚೆಸ್ಟ್‌ನಟ್ ಮರಗಳು ಎಲ್ಲವೂ ಒಂದೇ ಕಡೆಗೆ ವಾಲಿದ್ದವು.

“ಅತ್ತಿಗೆ, ಹೋಗಿ ಹೇಳೋಣ.”

“ಏನಂತ? ಗುಡ್ಡ ಬರುತ್ತೆ ಅಂತಾನಾ? ಅಮಿಲ್ಕಾರೆ ಅದಕ್ಕೂ ಒಂದು ಲೋಟ ವೈನ್ ತರಿಸ್ತಾನೆ.” ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. ಒಂದೊಂದೇ ಬೆರಳು ಒರೆಸಿದಳು. “ನಾನೇನು ಹೇಳಿದ್ರೂ ನೀನು ಹೌದು ಅನ್ಬೇಕು. ನಿಮ್ಮಣ್ಣಂಗೆ ಮಾತ್ರ ಯಾವತ್ತೂ ಬಾಯಿ ಬಿಡ್ಬೇಡ. ನಿಜ ಗೊತ್ತಾದ್ರೆ ಅವರು ಈ ಮನೆ ಬಿಟ್ಟು ಕದಲಲ್ಲ.”

ಒಳಗೆ ಹೋಗಿ ಕೋಣೆಯ ನಡುವೆ ನಿಂತಳು. ಅವಳು ಹಾಗೆ ಬಂದು ನಿಲ್ಲುವವಳಲ್ಲ, ಹಾಗಾಗಿ ಎಲ್ಲರೂ ಸುಮ್ಮನಾದರು.

“ಫೋರ್ಕು ಕೆಳಗಿಡಿ” ಎಂದಳು. “ಅಣಬೇಲಿ ಕೆಟ್ಟದ್ದೊಂದು ಸೇರಿಹೋಗಿದೆ. ಬಿಳೀದು. ನಾನು ಈಗ ಸಿಪ್ಪೆ ರಾಶೀಲಿ ನೋಡ್ದೆ. ಯಾರ ತಟ್ಟೆಗೆ ಬಂದಿದೆಯೋ ಗೊತ್ತಿಲ್ಲ. ಎಲ್ರೂ ಈಗಲೇ ಆಸ್ಪತ್ರೆಗೆ ಹೋಗಿ.”

ಬಿಳಿಯದು ಎಂದರೆ ಏನೆಂದು ನಮ್ಮ ಕಣಿವೆಯಲ್ಲಿ ಕೂಸಿಗೂ ಗೊತ್ತು. ಅದನ್ನು ತಿಂದವರು ಬದುಕುವುದಿಲ್ಲ. ಕೂಸಿನ ತಾಯಿ ನನ್ನ ಕಡೆ ತಿರುಗಿದಳು. ಅವಳ ತುಟಿಯ ಮೇಲೆ ಇನ್ನೂ ಗೊಜ್ಜಿತ್ತು. “ನಿಜಾನಾ, ಇಲ್ವಾನ?”

ಬೆಳಿಗ್ಗೆ ಅಷ್ಟೂ ಅಣಬೆಗಳನ್ನು ಒರೆಸಿ ಕೊಟ್ಟವಳು ನಾನು. ಒಂದೊಂದೂ ಅತ್ತಿಗೆಯ ಮೂಗಿನ ಕೆಳಗೆ ಹಾದುಹೋದದ್ದನ್ನು ಕಂಡವಳು ನಾನು. “ನಿಜ” ಎಂದೆ.

ಕುರ್ಚಿಗಳು ಬಿದ್ದವು. ಒಬ್ಬಳು ಅಲ್ಲೇ ಬಾಗಿಲಲ್ಲಿ ಗಂಟಲಿಗೆ ಬೆರಳು ಹಾಕಿಕೊಂಡಳು. ಅಮಿಲ್ಕಾರೆ ಅತ್ತಿಗೆಯ ಕಾಲ ಬಳಿ ಉಗಿದು ಹೋದ. ಹತ್ತು ನಿಮಿಷದಲ್ಲಿ ಪಾದ್ರಿಗಳ ಕಾರು ಬಿಟ್ಟು ಇನ್ನೊಂದು ಉಳಿಯಲಿಲ್ಲ. ಅಣ್ಣ ಬ್ರೆಡ್ಡಿನ ಬುಟ್ಟಿ ಹಿಡಿದು ನಿಂತೇ ಇದ್ದ. ನಾವಿಬ್ಬರೂ ಅವನ ತೋಳು ಹಿಡಿದು, ನೀನೂ ತಿಂದಿದ್ದೀಯ ನಡಿ ಎಂದು, ಪಾದ್ರಿಗಳ ಕಾರಿಗೆ ತಳ್ಳಿ ಜೊತೆಗೇ ಹತ್ತಿದೆವು.

ಗುಡ್ಡ ಬರಲಿಲ್ಲ.

ಸಂಜೆಗೆ ಒರತೆ ಮತ್ತೆ ಹರಿಯಿತು, ಕನ್ನಡಿಯಂಥ ನೀರು. ಆಸ್ಪತ್ರೆಯಲ್ಲಿ ಉಂಡವರೆಲ್ಲರ ಮೂಗಿಗೆ ಕೊಳವೆ ಇಳಿಸಿ ಹೊಟ್ಟೆ ತೊಳೆದರು. ವಿಷ ಸಿಗಲಿಲ್ಲ, ಅದೃಷ್ಟ ಎಂದರು. ಆರೋಗ್ಯ ಇಲಾಖೆಯವರು ಬಂದು ಪಾತ್ರೆಗಳನ್ನೆಲ್ಲ ಕೆದಕಿ, ಏನೂ ಇಲ್ಲ ಎಂದು ಬರೆದುಕೊಟ್ಟು ಹೋದರು. ಆ ಕಾಗದ ಯಾರಿಗೆ ಬೇಕು? ಸೋಮವಾರ ಮರ ಕಡಿಯುವವರು ಬಾಗಿಲ ಮುಂದೆಯೇ ಲಾರಿಯಲ್ಲಿ ಕೂತು ಬುತ್ತಿ ಉಂಡರು. ಮಂಗಳವಾರವೂ ಅಷ್ಟೆ.

ಬುಧವಾರ ಮಧ್ಯಾಹ್ನ ಅಣ್ಣ ಅಮ್ಮನ ಕಾಲದ ಗಾಜಿನ ಲೋಟಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದ. “ನಾಳೆ ಬೀಗ ಹಾಕ್ತೀನಿ ಇಲ್ವಾನ” ಎಂದ. “ನಿನ್ ಮನೇಲೇ ಇರ್ತೀವಿ. ಈ ಊರಲ್ಲಿ ನಾನ್ಹೇಗೆ ಮುಖ ಎತ್ತಲಿ?”

ಅವನು ಬರುತ್ತಾನೆ ಎಂದು ಕೇಳಿ ಎಷ್ಟು ಹಾಯೆನಿಸಿತು ನನಗೆ. ಬಿರುಕು ಆ ಹೊತ್ತಿಗೆ ಕೈ ಹಾಕುವಷ್ಟು ಅಗಲವಾಗಿತ್ತು. ಅವನು ಅದರ ಮುಂದೆ ಬೀರು ಸರಿಸಿದ್ದ. ಇನ್ನೊಂದು ದಿನ, ಆಮೇಲೆ ಗುಡ್ಡ ಬಂದರೆ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಡೆಲ್ಫೀನ ಸೂಪಿನ ತಟ್ಟೆ ತಂದು ಅವನ ಮುಂದಿಟ್ಟಳು. ಅವನು ಒಂದು ಬೆರಳಿನಿಂದ ಅದನ್ನು ಮೇಜಿನ ಆ ತುದಿಗೆ ತಳ್ಳಿದ.

“ನಿನ್ ಕೈಯಡುಗೆ ಇನ್ಮೇಲೆ ನನ್ ಗಂಟಲಲ್ಲಿ ಇಳಿಯಲ್ಲ” ಎಂದ.

ಅವಳು ತಟ್ಟೆ ಎತ್ತಿಕೊಳ್ಳಲಿಲ್ಲ. ಒಳಗೆ ಹೋದಳು. ಅಡುಗೆಮನೆಯಲ್ಲಿ ಸದ್ದಿಲ್ಲದೆ ನಿಂತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಮೂವತ್ತೆಂಟು ಜೀವಕ್ಕೆ ತನ್ನ ಹೆಸರು ಸುಟ್ಟುಕೊಂಡವಳ ಅನ್ನ ಇವನಿಗೆ ಇಳಿಯುವುದಿಲ್ಲವಂತೆ. ನನ್ನ ನಾಲಿಗೆ ನನ್ನ ಮಾತು ಯಾವತ್ತೂ ಕೇಳಿಲ್ಲ.

“ಮುಚ್ಕೊಂಡು ತಿನ್ನು” ಎಂದೆ. “ಅಣಬೇಲಿ ಏನೂ ಇರ್ಲಿಲ್ಲ. ತೊಟ್ಟಿ ಬತ್ತಿತ್ತು. ಗುಡ್ಡ ಅಂದ್ರೆ ನೀವ್ಯಾರೂ ಏಳ್ತಿರ್ಲಿಲ್ಲ, ಅದಕ್ಕೇ ಹಾಗಂದ್ಳು.”

ಅವನು ನನ್ನನ್ನೇ ನೋಡಿದ. ಆಮೇಲೆ ತಟ್ಟೆ ಎಳೆದುಕೊಂಡು, ಆರಿದ ಸೂಪನ್ನು ಕೊನೆಯ ಹನಿಯವರೆಗೂ ಬ್ರೆಡ್ಡಿನಿಂದ ಒರೆಸಿ ತಿಂದ. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. ತಿಂದು ಮುಗಿಸಿ ಲೋಟಗಳ ಪೇಪರು ಬಿಚ್ಚತೊಡಗಿದ.

“ಏನ್ಮಾಡ್ತಿದ್ದೀಯಣ್ಣ?”

“ನಮ್ಮನೆ ಊಟ ಶುದ್ಧವಾಗಿದೆ ಅಂದ್ಮೇಲೆ ಬೀಗ ಯಾಕೆ ಹಾಕ್ಲಿ? ಭಾನುವಾರ ಬಾಗಿಲು ತೆಗೀತೀನಿ. ಅದೇ ಅಣಬೆ ಮಾಡಿಸಿ, ಊರೆಲ್ಲ ನೋಡೋ ಹಾಗೆ ಮೊದಲನೇ ತುತ್ತು ನಾನ್ ತಿಂತೀನಿ.”

ಡೆಲ್ಫೀನ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನ ಕಡೆ ನೋಡಲೇ ಇಲ್ಲ.

ಮೂರು ದಿನ ಅವಳು ಅವನನ್ನು ಬೇಡಿಕೊಂಡಳು, ನಾನೂ ಬೇಡಿಕೊಂಡೆ. ಅವನು ಅವಳ ಗಲ್ಲ ತಟ್ಟಿ, ನನ್ನ ಹೆದರುಪುಕ್ಕಿ ಎಂದು ಮುದ್ದಿನಿಂದ ಕರೆಯುತ್ತಿದ್ದ. ಮನೆಮನೆಗೆ ಹೋಗಿ ಭಾನುವಾರದ ಊಟಕ್ಕೆ ಕರೆದು ಬಂದ. ಶನಿವಾರ ಒರತೆ ಬೆಳ್ಳಗಾಯಿತು. ಭಾನುವಾರ ಬೆಳಿಗ್ಗೆ ಕೆಂಪಾಯಿತು. ಹನ್ನೆರಡು ಗಂಟೆಗೆ ನಿಂತಿತು.

ಅವಳು ಒಲೆಯ ಮೇಲೆ ಪಾತ್ರೆ ಹಾಗೇ ಬಿಟ್ಟು ಹೊರಬಂದಳು. ನಾವಿಬ್ಬರೂ ಕೆಳಗೆ ಚರ್ಚಿನ ಗೋಡೆಯ ಹತ್ತಿರ ನಿಂತು ಅವನನ್ನು ಕೂಗಿದೆವು. ಊಟಕ್ಕೆ ಯಾರೂ ಬಂದಿರಲಿಲ್ಲ. ಬಂದಿದ್ದರೆ ಮತ್ತೆ ಮೂವತ್ತು ನಲವತ್ತು ಜನ ಆ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು. ಅಣ್ಣ ಬಾಗಿಲಿಗೆ ಬಂದ. ಹೆಗಲ ಮೇಲೆ ಒಗೆದ ಕೈವಸ್ತ್ರ.

“ಬನ್ನಿ ಒಳಗೆ, ಪೊಲೆಂತ ಗಟ್ಟಿಯಾಗ್ತಿದೆ” ಎಂದು ಕೈ ಬೀಸಿ ಕರೆದ. “ಜನ ಬರೋ ಹೊತ್ತಾಯ್ತು, ತಿರುಗಿಸೋರು ಯಾರೂ ಇಲ್ಲ.”

ಡೆಲ್ಫೀನ ಅವನ ಕಡೆ ಓಡಲು ಹೊರಟಳು. ನಾನು ಅವಳ ಸೊಂಟ ಹಿಡಿದುಕೊಂಡೆ. ಪೊಲೆಂತ ತಿರುಗಿಸಲು ಅವನು ಒಳಗೆ ಹೋದ. ಮೊದಲು ಮರಗಳು ಮುರಿಯುವ ಸದ್ದು ಕೇಳಿಸಿತು. ಆಮೇಲೆ ಮನೆ ಇದ್ದ ಜಾಗಕ್ಕೆ ಗುಡ್ಡ ಬಂದು ಕೂತಿತು.

ಅಣಬೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಊರು ಮಾತಾಡಿಕೊಂಡಿತು. ಶವಸಂಸ್ಕಾರಕ್ಕೆ ಅಮಿಲ್ಕಾರೆ ಬಂದ, ಅವಳ ಕೈ ಮುಟ್ಟಲಿಲ್ಲ. ಅವನ ಮೊಮ್ಮಗಳು ಈಗ ದಿನಾ ನಮ್ಮ ಕಿಟಕಿಯ ಕೆಳಗೇ ಶಾಲೆಗೆ ಹೋಗುತ್ತಾಳೆ.

ಡೆಲ್ಫೀನ ನನ್ನ ಜೊತೆ ಇದ್ದಾಳೆ. ಇಬ್ಬರಿಗೆ ಅಡುಗೆ ಮಾಡುತ್ತಾಳೆ, ನಾನು ಬಡಿಸುತ್ತೇನೆ. ಆ ಬುಧವಾರ ಅಣ್ಣನಿಗೆ ನಾನು ಹೇಳಿಬಿಟ್ಟದ್ದರ ಬಗ್ಗೆ ಎಂಟು ವರ್ಷ ನಾನು ಅವಳೆದುರು ಬಾಯಿ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಮೂರು ವರ್ಷದ ಹಿಂದೆ, ತೊರ್ತೆಲ್ಲಿಗೆ ಹಿಟ್ಟು ನಾದುತ್ತಿದ್ದಾಗ, ನನ್ನಿಂದ ತಡೆಯಲಾಗಲಿಲ್ಲ.

“ಒಂದ್ಸಲ ಬೈಯಿ ಅತ್ತಿಗೆ” ಎಂದೆ. “ನಾನು ಹೇಳ್ದೆ ಇದ್ದಿದ್ರೆ ಅಣ್ಣ ಇವತ್ತು ಇಲ್ಲೇ ಕೂತಿರ್ತಿದ್ದ.”

ಅವಳು ಹಿಟ್ಟಿನಿಂದ ಕೈ ತೆಗೆಯಲಿಲ್ಲ.

“ಕೂತಿರ್ತಿದ್ರು” ಎಂದಳು. “ನನ್ ತಟ್ಟೆ ಪಕ್ಕಕ್ಕೆ ತಳ್ಳಿ ಕೂತಿರ್ತಿದ್ರು. ಆ ಮೂರು ದಿನ ಎರಡೂ ಹೊತ್ತು ನನ್ ಕೈಯಿಂದ ಉಂಡ್ರು, ಇಲ್ವಾನ. ಅವರು ಹೋದ್ರೂ ನಂಗೆ ಅದು ಸಾಕು ಅನ್ನಿಸುತ್ತಲ್ಲ, ಅದಕ್ಕೆ ನನ್ನನ್ನ ಯಾರು ಬೈತಾರೆ?”